ಗ್ಯಾರೇಜಿನಲ್ಲಿ ಕರಿದ ಪೈ

ಮೊಮ್ಮಗಳು ಆ ಹುಡುಗನನ್ನು ಮೊದಲ ಸಲ ಮನೆಗೆ ಕರೆದುಕೊಂಡು ಬಂದ ದಿನ ಅವನ ಕೈಯಲ್ಲಿ ಒಂದು ಪೈ ಇತ್ತು. ಬಿಳಿ ಬಟ್ಟೆ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು, ಹಸುಗೂಸನ್ನು ಎತ್ತಿಕೊಂಡವನ ಹಾಗೆ ಬಾಗಿಲಲ್ಲಿ ನಿಂತಿದ್ದ. ಅವನ ಅಜ್ಜಿ ಮಾಡಿ ಕಳಿಸಿದ್ದಂತೆ. ನಾನು ಒಂದು ತುಂಡು ಬಾಯಿಗಿಟ್ಟೆ. ಇಷ್ಟು ವರ್ಷ ಈ ದೇಶದಲ್ಲಿ ಪೈ ಎಂಬ ಹೆಸರು ಹೇಳಿ ನನಗೆ ಏನೇನೋ ತಿನ್ನಿಸಿದವರೆಲ್ಲರ ಮೇಲೂ ಆವತ್ತೇ ನನಗೆ ಸಿಟ್ಟು ಬಂತು.

ಅವರನ್ನು ಸುಮ್ಮನೆ ಬಿಡಲು ನನಗೆ ಮನಸ್ಸಿಲ್ಲ. ಈಸ್ಟ್ ಬ್ರನ್ಸ್‌ವಿಕ್ಕಿನ ಮಗನ ಮನೆಗೆ ಬಂದು ಸೇರಿದಾಗಿನಿಂದ ನೋಡುತ್ತಿದ್ದೇನೆ. ನವೆಂಬರ್ ಬಂದರೆ ಸಾಕು, ನಮ್ಮ ಕನ್ನಡದವರ ಯಾರಾದರೂ ಒಬ್ಬರ ಮನೆಯಲ್ಲಿ ಪಾಟ್‌ಲಕ್. ಒಬ್ಬೊಬ್ಬರು ಒಂದೊಂದು ಪದಾರ್ಥ ತರಬೇಕು. ಅಡುಗೆ ಮಾಡಲು ಮೈಗಳ್ಳತನ ಇರುವವರು ಅಂಗಡಿಯ ಪೈ ತರುತ್ತಾರೆ. ರಟ್ಟಿನ ಪೆಟ್ಟಿಗೆ, ಅದಕ್ಕೊಂದು ಪ್ಲಾಸ್ಟಿಕ್ ಕಿಟಕಿ, ಒಳಗೆ ಲೇಹದಂಥದ್ದು ಏನೋ ಕಿತ್ತಳೆ ಬಣ್ಣದಲ್ಲಿ ಅಲುಗಾಡುತ್ತಿರುತ್ತದೆ. ಬಿಸಿಬೇಳೆಬಾತಿನ ಪಕ್ಕದಲ್ಲಿ ಅದನ್ನಿಟ್ಟು, "ಅಮೆರಿಕನ್ ಟ್ರೆಡಿಷನ್ ಆಂಟಿ, ಟೇಸ್ಟ್ ಮಾಡಿ" ಎನ್ನುತ್ತಾರೆ. ಅಂಚಿನ ಹಿಟ್ಟು ಒದ್ದೆ ರಟ್ಟು. ಪೆಟ್ಟಿಗೆಯನ್ನು ತಿಂದರೂ ಅದೇ ರುಚಿ ಇದ್ದೀತು. ಎಲ್ಲರೂ ಒಂದು ಚಮಚ ತಿಂದು "ವಾವ್" ಅಂದು ಮಿಕ್ಕದ್ದನ್ನು ತಟ್ಟೆಯ ಸಮೇತ ಕಸದ ಬುಟ್ಟಿಗೆ ಜಾರಿಸುತ್ತಾರೆ. ಮೂಲೆಯ ಸೋಫಾದಲ್ಲಿ ಕೂರಿಸಿದ ನನ್ನಂಥ ಮುದುಕಿಗೆ ಕಸದ ಬುಟ್ಟಿ ಚೆನ್ನಾಗಿಯೇ ಕಾಣುತ್ತದೆ.

ಆ ಹುಡುಗ ತಂದಿದ್ದು ಗೆಣಸಿನ ಪೈ. ಗೆಣಸು ಎಂದರೆ ನಾನು ನಂಬಲಿಲ್ಲ. ಕೆಂಡದಲ್ಲಿ ಸುಟ್ಟು ಬೂದಿ ಕೊಡವಿ ತಿನ್ನುವ ಗೆಣಸು ನನಗೆ ಗೊತ್ತು. ಇದು ಬೇರೆ. ಬೆಣ್ಣೆ, ಜಾಯಿಕಾಯಿ, ಹದವಾದ ಸಿಹಿ. ಅಂಚು ಹಲ್ಲಿಗೆ ಸಿಕ್ಕಿ ಪಟ್ಟೆಂದು ಮುರಿದು ಆಮೇಲೆ ಕರಗುತ್ತದೆ. ನಾನು ಎರಡನೆಯ ತುಂಡಿಗೆ ಕೈ ಹಾಕಿದಾಗ ಸೊಸೆ, "ಅತ್ತೆ, ಶುಗರ್" ಅಂದಳು. ಶುಗರ್ ನನಗಿದೆ, ಅದನ್ನು ನನಗೇ ಜ್ಞಾಪಿಸಬೇಕೆ?

ಹುಡುಗ ಎತ್ತರದ ಆಳು. ನಮ್ಮ ಊಟದ ಮೇಜಿನ ಮೇಲೆ ಮಗ ನೇತುಹಾಕಿರುವ ಗಾಜಿನ ದೀಪದ ಗೊಂಚಲಿಗೆ ತಲೆ ತಗುಲದ ಹಾಗೆ ಬಗ್ಗಿ ಓಡಾಡುತ್ತಿದ್ದ. ಹೇಳದೆ ಬೂಟು ಬಿಚ್ಚಿದ, ತಿಂದ ತಟ್ಟೆ ತಾನೇ ತೊಳೆದ, ನನ್ನನ್ನು "ಅಜ್ಜಿ" ಎಂದೇ ಕರೆದ. ಮೊಮ್ಮಗಳು ಹ್ಯಾರಿಸನ್ನಿನಲ್ಲಿ ಅಪಾರ್ಟ್‌ಮೆಂಟ್ ಮಾಡಿಕೊಂಡು ನ್ಯೂಯಾರ್ಕಿಗೆ ಟ್ರೇನಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಇವನೂ ಅದೇ ಟ್ರೇನಿನವನು. ಅಪ್ಪ ಅಮ್ಮ ಇಲ್ಲ, ಸಾಕಿದ್ದೆಲ್ಲ ಅಜ್ಜಿಯೇ. ಆಕೆ ದಕ್ಷಿಣದ ಜಾರ್ಜಿಯಾದಲ್ಲಿ ಹುಟ್ಟಿ, ಮದುವೆಯಾಗಿ ಹ್ಯಾರಿಸನ್ನಿನ ಪಕ್ಕದ ನೂವರ್ಕಿಗೆ ಬಂದು ನೆಲೆಸಿದ ಕಪ್ಪು ಹೆಂಗಸು. ನಾನು ಆಕೆಯನ್ನು ಜಾರ್ಜಿಯಾದಮ್ಮ ಎನ್ನುತ್ತೇನೆ.

ಮೊಮ್ಮಗಳೂ ಆ ಹುಡುಗನೂ ಸೋಫಾದಲ್ಲಿ ಒಂದು ಮೊಳ ಅಂತರ ಬಿಟ್ಟು ಕುಳಿತು, ನೋಡಿಯೂ ನೋಡದ ಹಾಗೆ ಒಬ್ಬರನ್ನೊಬ್ಬರು ನೋಡುತ್ತಿದ್ದುದನ್ನು ಕಂಡಾಗ ನನ್ನ ಹೊಟ್ಟೆಯೊಳಗೆ ಹಾಲು ಉಕ್ಕಿದ ಹಾಗಾಯಿತು. ಎದ್ದು ಕುಣಿಯಲು ಮಂಡಿ ಬಿಡಲಿಲ್ಲ, ಅಷ್ಟೇ.

ಮಗ, ಸೊಸೆ ಇಬ್ಬರ ಮುಖ ನೋಡಬೇಕಿತ್ತು. ಮೈಬಣ್ಣದ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಓದಿದವರಲ್ಲವೇ. "ಕಲ್ಚರ್" ಎಂದರು. "ಅವರ ಕಲ್ಚರ್ ಬೇರೆ ಅಮ್ಮ, ನಿನಗೆ ಅರ್ಥ ಆಗಲ್ಲ" ಎಂದ ಮಗ. ಕಲ್ಚರ್ ಒಂದೇ ಇರುವ ಗಂಡುಗಳನ್ನು ಇವರು ಹುಡುಕಿದ್ದೂ ನನಗೆ ಗೊತ್ತು. ಫ್ಲೋರಲ್ ಪಾರ್ಕ್ ಎಂಬ ಊರಿನಿಂದ ಒಬ್ಬ ಬಂದಿದ್ದ. ತನ್ನ ಮನೆಯ ಸಾಲದ ಬಡ್ಡಿ ದರವನ್ನು ಊಟ ಮುಗಿಯುವವರೆಗೂ ವಿವರಿಸಿದ. ಕೈ ತೊಳೆಯಲು ಎದ್ದಾಗ ಅವನ ಎಂಜಲು ತಟ್ಟೆಯನ್ನು ಅವನ ಅಮ್ಮ ಎತ್ತಿದಳು. ಗಡ್ಡ ಬಂದ ಮಗುವನ್ನು ನಮ್ಮ ಹುಡುಗಿಯ ತೊಡೆಯ ಮೇಲೆ ಕೂರಿಸಲು ಬಂದಿದ್ದರು.

ಮೊಮ್ಮಗಳು ಒಂದೇ ಮಾತು ಹೇಳಿದಳು. ಅಪ್ಪ ಬಾಯಿಬಿಟ್ಟು ಹೂಂ ಅನ್ನದೆ ತಾನು ಮದುವೆಯಾಗುವುದಿಲ್ಲ. ಓಡಿಹೋಗುವುದು, ಕೋರ್ಟಿನಲ್ಲಿ ಸಹಿ ಹಾಕುವುದು ಅವಳಿಗೆ ಬೇಡ. ಮಗ ಒಂದು ವರ್ಷ "ನೋಡೋಣ" ಅಂದ. ನೋಡೋಣ ಎಂಬುದು ಇಲ್ಲ ಎನ್ನುವ ಧೈರ್ಯ ಇಲ್ಲದವರ ಮಾತು. ಅತ್ತ ಹುಡುಗನೂ ಅಜ್ಜಿ ಒಪ್ಪದೆ ಆಗುವವನಲ್ಲ. ಆ ಜಾರ್ಜಿಯಾದಮ್ಮನ ಷರತ್ತು ಮತ್ತೊಂದು. "ಹುಡುಗಿ ಬೆಳೆದ ಅಡುಗೆಮನೆಯಲ್ಲಿ ನಾನು ನಿಂತು ನೋಡಬೇಕು. ಭಾನುವಾರದ ಊಟ ನಾನೇ ಅಲ್ಲಿ ಮಾಡುತ್ತೇನೆ. ಆಮೇಲೆ ಹೇಳುತ್ತೇನೆ" ಎಂದು ಹೇಳಿ ಕಳಿಸಿದರು. ಹೀಗಾಗಿ ಎರಡು ಕಡೆಯ ಒಪ್ಪಿಗೆಯೂ ಒಂದು ಭಾನುವಾರದ ಮೇಲೆ ಬಂದು ನಿಂತಿತು.

ಈ ಮಾತು ಕೇಳಿ ನನಗೆ ಆಕೆಯ ಮೇಲೆ ಗೌರವ ಬಂತು, ಜೊತೆಗೆ ಹೆದರಿಕೆಯೂ ಆಯಿತು. ಯಾಕೆಂದರೆ ನಮ್ಮ ಅಡುಗೆಮನೆ ಒಂದು ಸುಳ್ಳು.

ಹೋದ ವರ್ಷ ಮಗ ಅದನ್ನು ಒಡೆಸಿ ಕಟ್ಟಿಸಿದ. ನಡುವೆ ಹೊಳೆಯುವ ಕಲ್ಲಿನ ಕಟ್ಟೆ, ಅದರ ಮೇಲೆ ಕೈಯಿಟ್ಟರೆ ಗುರುತು ಬೀಳುತ್ತದೆ, ಸೊಸೆ ಹಿಂದೆಯೇ ಬಂದು ಒರೆಸುತ್ತಾಳೆ. ಆರು ಉರಿಯ ಒಲೆ, ಕೆಳಗೆ ಒವನ್. ಆ ಒಲೆಯ ಮೇಲೆ ಇಲ್ಲಿಯವರೆಗೆ ಕಾದದ್ದು ಹಾಲು ಮತ್ತು ಕಾಫಿಯ ನೀರು. ಒಗ್ಗರಣೆ ಹಾಕಿದರೆ ಗೋಡೆಗೆ ಎಣ್ಣೆ ಹಾರುತ್ತದೆ, ಕೋಟುಗಳಿಗೆ ವಾಸನೆ ಹಿಡಿಯುತ್ತದೆ, ಆಫೀಸಿನಲ್ಲಿ ಜನ ಮೂಗು ಮುಚ್ಚಿಕೊಳ್ಳುತ್ತಾರೆ ಎಂದು ನಿಜವಾದ ಅಡುಗೆಯನ್ನೆಲ್ಲ ಗ್ಯಾರೇಜಿಗೆ ಸಾಗಿಸಿದ್ದಾರೆ. ಕಾರು ನಿಲ್ಲಬೇಕಾದ ಜಾಗದಲ್ಲಿ ಎರಡು ಉರಿಯ ಗ್ಯಾಸ್ ಒಲೆ, ಗ್ರೈಂಡರು, ಬಾಣಲೆ, ಗೋಡೆಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆ. ಅಲ್ಲೇ ನನ್ನ ಮಣೆ. ಚಳಿಗಾಲದಲ್ಲಿ ನಾನು ಕೋಟು, ಮಂಕಿ ಟೋಪಿ ಹಾಕಿಕೊಂಡು ಸಾರು ಕುದಿಸುತ್ತೇನೆ. ಒಳಗಿನ ಅಡುಗೆಮನೆಯಲ್ಲಿ ವೆನಿಲಾ ವಾಸನೆಯ ಮೇಣದ ಬತ್ತಿ ಉರಿಯುತ್ತಿರುತ್ತದೆ. ಅಕ್ಕಪಕ್ಕದ ನಮ್ಮವರ ಮನೆಗಳಲ್ಲೂ ಇದೇ ಕಥೆ. ಬಂದವರಿಗೆ ಒಳಗಿನದನ್ನು ತೋರಿಸುತ್ತಾರೆ, ಹೊರಗಿನದನ್ನು ತಿನ್ನಿಸುತ್ತಾರೆ.

ಇನ್ನು ಒವನ್. ಅದು ನಮಗೆ ಬೀರು ಇದ್ದ ಹಾಗೆ. ಚಕ್ಕುಲಿ ಒರಳು, ಇಡ್ಲಿ ತಟ್ಟೆ, ಜೋಡಿ ಕಳೆದುಕೊಂಡ ಮುಚ್ಚಳಗಳು, ಎಲ್ಲ ಅದರೊಳಗೆ. ಜಾರ್ಜಿಯಾದಮ್ಮ ಪೈ ಮಾಡುತ್ತಾರೆ ಎಂದು ತಿಳಿದ ಮೇಲೆ ಸೊಸೆ ಗುರುವಾರ ಅದನ್ನೆಲ್ಲ ಹೊರಗೆಳೆದು, ಒಳಗಡೆ ಕನ್ನಡಿಯ ಹಾಗೆ ಉಜ್ಜಿದಳು. ಗ್ಯಾರೇಜಿನ ಬಾಗಿಲಿಗೆ ಮಗ ಬೀಗ ಹಾಕಿದ. "ಅಮ್ಮ, ಅಪ್ಪಿತಪ್ಪಿಯೂ ಆ ಕಡೆ ಕರ್ಕೊಂಡು ಹೋಗ್ಬೇಡ. ಏನೋ ಸ್ಲಮ್ ಥರ ಕಾಣುತ್ತೆ" ಎಂದ. ನಾನು ದಿನವೂ ನಿಲ್ಲುವ ಜಾಗಕ್ಕೆ ಅವನು ಇಟ್ಟ ಹೆಸರು ಅದು.

ಶನಿವಾರ ನಮ್ಮ ಪರಿಚಯದವರ ಮನೆಯ ಮದುವೆ. ಬ್ಯಾಂಕಿನ ಲಾಕರಿನಿಂದ ಸೊಸೆಯ ಒಡವೆ ಬಂತು. ಮುತ್ತಿನ ಹಾರ, ಜುಮುಕಿ, ನಾನು ಅವಳ ಮದುವೆಯಲ್ಲಿ ಹಾಕಿದ್ದ ಗುಂಡಿನ ಸರ. ವಾಪಸು ಇಡೋಣವೆಂದರೆ ಸೋಮವಾರದವರೆಗೆ ಬ್ಯಾಂಕಿಲ್ಲ. ಇಂಡಿಯನ್ನರ ಮನೆಗೆ ಕಳ್ಳರು ಚಿನ್ನಕ್ಕಾಗಿಯೇ ಬರುತ್ತಾರೆ, ದೇವರ ಮನೆ, ಅಕ್ಕಿ ಡಬ್ಬ, ಸೀರೆಯ ಮಡಿಕೆ ಎಲ್ಲ ಅವರಿಗೆ ಗೊತ್ತು ಎಂದು ವಾಟ್ಸಾಪಿನಲ್ಲಿ ದಿನವೂ ಓದಿ ಓದಿ ಮಗನ ತಲೆ ಕೆಟ್ಟಿತ್ತು. "ನಾನು ಜೋಪಾನ ಮಾಡಿದೀನಿ" ಎಂದ. ಎಲ್ಲಿ ಎಂದು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲವಂತೆ.

ಭಾನುವಾರ ಬೆಳಿಗ್ಗೆ ಜಾರ್ಜಿಯಾದಮ್ಮ ಬಂದರು. ನನಗಿಂತ ದೊಡ್ಡವರಿರಬೇಕು, ಆದರೆ ಬೆನ್ನು ನೆಟ್ಟಗಿದೆ. ಹೂವಿನ ಟೋಪಿ, ಕೈಯಲ್ಲಿ ತಮ್ಮದೇ ಲಟ್ಟಣಿಗೆ, ತಮ್ಮದೇ ಕಬ್ಬಿಣದ ಬಾಣಲೆ. ಇನ್ನೊಬ್ಬರ ಮನೆಗೆ ಅಡುಗೆ ಮಾಡಲು ಹೋಗುವಾಗ ಪಾತ್ರೆ ಹೊತ್ತುಕೊಂಡು ಹೋಗುವ ಸೊಕ್ಕು ನನಗೆ ಹಿಡಿಸಿತು. ನನಗೂ ಅದೇ ಬುದ್ಧಿ. ಆಕೆಯ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತದೆ, ಉಳಿದದ್ದನ್ನು ಮೊಮ್ಮಗಳು ಹೇಳುತ್ತಾಳೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಒಳಗೆ ಬಂದವರು ಅಡುಗೆಮನೆಯನ್ನು ಸುತ್ತಲೂ ನೋಡಿದರು. ಒಲೆಯ ಮೇಲೆ ಬೆರಳಾಡಿಸಿದರು. ಒಂದು ಡ್ರಾಯರ್ ಎಳೆದರು, ಅಂಗಡಿಯ ಸ್ಟಿಕ್ಕರು ಕೀಳದ ಸೌಟುಗಳು ಕಂಡವು. "ಇಲ್ಲಿ ಅಡುಗೆ ಮಾಡುತ್ತೀರಾ?" ಎಂದು ಕೇಳಿದರು.

"ಯೆಸ್ ಯೆಸ್, ಎವೆರಿಡೇ" ಅಂದಳು ಸೊಸೆ.

ಜಾರ್ಜಿಯಾದಮ್ಮ ಮೊಮ್ಮಗನ ಕಡೆ ತಿರುಗಿ ಏನೋ ಗೊಣಗಿದರು. ನಾನು ಮೊಮ್ಮಗಳನ್ನು ತಿವಿದೆ. "ಏನಂದ್ರೇ?"

"ನಥಿಂಗ್, ಅಜ್ಜಿ."

"ನಥಿಂಗ್ ಅಂತ ಅಷ್ಟು ಉದ್ದ ಹೇಳ್ತಾರಾ?"

ಅವಳು ತಲೆ ತಗ್ಗಿಸಿಕೊಂಡು ಹೇಳಿದಳು. "ಎಣ್ಣೆ ಕಲೆ ಇಲ್ಲದ ಮನೇಲಿ ಹುಡುಗಿ ಏನು ತಿಂದು ದೊಡ್ಡವಳಾದಳು ಅಂತ ಕೇಳ್ತಿದಾರೆ."

ನಮ್ಮ ಸಂಬಂಧ ಅಲ್ಲೇ ಅರ್ಧ ಮುರಿದು ಬಿತ್ತು ಎಂದುಕೊಂಡೆ. ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಆದರೂ ಕೆಲಸ ಶುರು ಮಾಡಿದರು. ನಾವು ಮಾಂಸ ತಿನ್ನದವರೆಂದು ಮೊದಲೇ ತಿಳಿದು ಹಂದಿಯ ಕೊಬ್ಬು ಬಿಟ್ಟು ಬೆಣ್ಣೆಯಲ್ಲೇ ಎಲ್ಲ ಮಾಡಲು ತೀರ್ಮಾನಿಸಿ ಬಂದಿದ್ದರು. ಅಲಸಂದೆ ಕಾಳು ಬೇಯಲು ಹಾಕಿದರು. ಅಗಲ ಎಲೆಯ ಒಂದು ಸೊಪ್ಪನ್ನು ಅದು ಪ್ರಾಣ ಬಿಡುವವರೆಗೆ ಕುದಿಸಿದರು. ನಾನಾದರೆ ಅಷ್ಟು ಹೊತ್ತಿಗೆ ಮೂರು ಬಗೆ ಪಲ್ಯ ಮಾಡಿ ಮುಗಿಸುತ್ತಿದ್ದೆ. ಆಮೇಲೆ ಮ್ಯಾಕರೋನಿ ಎಂಬ ರಬ್ಬರ್ ಕೊಳವೆಯ ತುಂಡುಗಳು, ಅದರ ಮೇಲೆ ಚೀಸು, ಚೀಸಿನ ಮೇಲೆ ಮತ್ತೆ ಚೀಸು. ಇದನ್ನು ಅವರ ಕಡೆ ಮನಸ್ಸಿಗೆ ಸಮಾಧಾನ ಕೊಡುವ ಊಟ ಎನ್ನುತ್ತಾರಂತೆ. ತಿಂದವರಿಗೆ ಎದ್ದು ಓಡಾಡಲೇ ಆಗದಿದ್ದರೆ ಸಮಾಧಾನ ಬಾರದೆ ಇನ್ನೇನು? ಇಷ್ಟು ಒಗ್ಗರಣೆ ಹಾಕಿಬಿಡೋಣವೇ ಎಂದು ನನ್ನ ಬೆರಳು ತುರಿಸುತ್ತಿತ್ತು. ಆದರೆ ಪೈ ಹಿಟ್ಟು ಕಲಸಲು ತೊಡಗಿದಾಗ ನಾನು ಬಾಯಿ ಮುಚ್ಚಿಕೊಂಡು ಹತ್ತಿರ ಹೋದೆ. ತಣ್ಣನೆಯ ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲೇ ಉಜ್ಜುತ್ತಿದ್ದರು, ಅಂಗೈ ಸೋಕಿಸುತ್ತಿರಲಿಲ್ಲ. ಅಳತೆಯ ಬಟ್ಟಲು ಸೊಸೆ ಮುಂದೆ ಇಟ್ಟರೆ ಅದನ್ನು ಪಕ್ಕಕ್ಕೆ ತಳ್ಳಿದರು. ಆ ಒಂದು ತಳ್ಳುವಿಕೆಗೆ ನಾನು ಅವರ ಮ್ಯಾಕರೋನಿಯನ್ನು ಕ್ಷಮಿಸಿದೆ.

ಗೆಣಸಿನ ಹೂರಣ ಸಿದ್ಧವಾಯಿತು. "ಒವನ್ ಕಾಯಲಿ" ಎಂದರು. ಸೊಸೆ ಹೆಮ್ಮೆಯಿಂದ, "ಕ್ಲೀನ್ ಇದೆ ಮ್ಯಾಮ್, ಪೂರ್ತಿ ಎಂಪ್ಟಿ" ಎಂದಳು. ಜಾರ್ಜಿಯಾದಮ್ಮ ಗುಂಡಿ ತಿರುಗಿಸಿ ಹಿಟ್ಟು ಲಟ್ಟಿಸಲು ಬಂದರು.

ಮಗ ಮನೆಯಲ್ಲಿರಲಿಲ್ಲ. ಕುರ್ಚಿ ಸಾಲದೆಂದು ಪಕ್ಕದ ಬೀದಿಯ ಸ್ನೇಹಿತರ ಮನೆಗೆ ಹೋಗಿದ್ದ.

ಸ್ವಲ್ಪ ಹೊತ್ತಿಗೆ ವೆನಿಲಾ ವಾಸನೆಯನ್ನು ಮೀರಿ ಸುಟ್ಟ ಪ್ಲಾಸ್ಟಿಕ್ಕಿನ ನಾತ ಎದ್ದಿತು. ಒವನ್ನಿನ ಸಂದಿಯಿಂದ ಕಪ್ಪು ಹೊಗೆ. ಛಾವಣಿಯ ಅಲಾರಾಂ ಕಿವಿ ಹರಿಯುವ ಹಾಗೆ ಅರಚತೊಡಗಿತು. ಸೊಸೆ ಟವೆಲ್ ಬೀಸುತ್ತ "ಓ ಗಾಡ್, ಓ ಗಾಡ್" ಎಂದು ಸುತ್ತುತ್ತಿದ್ದಳು. ಹುಡುಗ ಕಿಟಕಿಗಳನ್ನೆಲ್ಲ ತೆಗೆದ. ಜಾರ್ಜಿಯಾದಮ್ಮ ಮಾತ್ರ ಗಾಬರಿಯಾಗದೆ ಗುಂಡಿ ಆರಿಸಿ, ಕೈಗೆ ಬಟ್ಟೆ ಸುತ್ತಿ, ಒಳಗಿನ ತಟ್ಟೆಯನ್ನು ಎಳೆದು ಹಿಂಬಾಗಿಲ ಮೆಟ್ಟಿಲ ಮೇಲೆ ಕೊಂಡೊಯ್ದು ಇಟ್ಟರು. ತಟ್ಟೆಯ ಮೇಲೆ ಮೊಸರಿನ ಪ್ಲಾಸ್ಟಿಕ್ ಡಬ್ಬಿಯೊಂದು ಕರಗಿ, ಹರಡಿ, ದೊಡ್ಡ ಬಿಳಿ ಸಗಣಿಯ ಹಾಗೆ ಕೂತಿತ್ತು. ಅದರೊಳಗಿಂದ ಏನೋ ಮಿನುಗುತ್ತಿತ್ತು.

ಆಗಲೇ ಮಗ ಕುರ್ಚಿಗಳನ್ನು ಹೊತ್ತುಕೊಂಡು ಬಂದ. ತಟ್ಟೆ ನೋಡಿದವನು ಕುರ್ಚಿಗಳನ್ನು ಅಲ್ಲೇ ಹುಲ್ಲಿನ ಮೇಲೆ ಕೈಬಿಟ್ಟ.

"ಚಿನ್ನ" ಎಂದ.

"ಯಾವ ಚಿನ್ನ?" ಎಂದಳು ಸೊಸೆ.

"ನಿಂದು."

"ರೀ, ಒವನ್ನಲ್ಲಿ ಇಟ್ಟಿದ್ರಾ?"

"ಅದನ್ನ ಯಾರೂ ಯಾವತ್ತೂ ಹಚ್ಚೋದೇ ಇಲ್ವಲ್ಲ."

"ಇವತ್ತು ಪೈ ಮಾಡ್ತಾರೆ ಅಂತ ಗೊತ್ತಿತ್ತಲ್ರೀ."

"ಪೈಗೆ ಒವನ್ ಯಾಕೆ?"

ಮೂವತ್ತು ವರ್ಷ ಅಮೆರಿಕದಲ್ಲಿ ಉಂಡವನು ಕೇಳಿದ ಪ್ರಶ್ನೆ ಇದು. ಪ್ರತಿ ವರ್ಷ ಆಫೀಸಿನಲ್ಲಿ ಪೈ ತಿಂದು ಬರುತ್ತಾನೆ. ಅದು ಎಲ್ಲಿ ಬೇಯುತ್ತದೆ ಎಂದು ಒಮ್ಮೆಯೂ ಯೋಚಿಸಿಲ್ಲ. ರಟ್ಟಿನ ಪೆಟ್ಟಿಗೆಯಲ್ಲೇ ಹುಟ್ಟುತ್ತದೆ ಎಂದುಕೊಂಡಿದ್ದನೋ ಏನೋ. ಎರಡು ಡಿಗ್ರಿಗಳನ್ನು ಗೋಡೆಗೆ ಹಾಕಿದ್ದಾನೆ.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಮುಗಿಸಬಹುದಿತ್ತು. ಅವನು ತಲೆಯೆತ್ತಿ ಜಾರ್ಜಿಯಾದಮ್ಮನಿಗೆ ಇಂಗ್ಲಿಷಿನಲ್ಲಿ, "ಹಚ್ಚುವ ಮೊದಲು ಒಳಗೆ ನೋಡಬಾರದಿತ್ತೇ?" ಎಂದ. ದನಿಯಲ್ಲಿ ಮರ್ಯಾದೆ ಇರಲಿಲ್ಲ.

ಆಕೆ ಬೆನ್ನ ಹಿಂದಿನ ಗಂಟು ಬಿಚ್ಚಿ ಏಪ್ರನ್ ತೆಗೆದರು. ಮಡಿಸಿದರು. "ನನ್ನ ಕೋಟು ತಾ, ಮಗ" ಎಂದು ಮೊಮ್ಮಗನಿಗೆ ಹೇಳಿದರು. ನನ್ನ ಮೊಮ್ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆ ಮುಖವನ್ನು ನಾನು ನೋಡಿಕೊಂಡು ಸುಮ್ಮನೆ ಇರಬೇಕೆ?

"ಅಲ್ವೋ," ಎಂದೆ ಮಗನಿಗೆ, "ಒಲೇಲಿ ಬೆಂಕಿ ಹಾಕಿದ್ದು ಅವರ ತಪ್ಪಾ? ಒಲೆ ಇರೋದು ಯಾಕೆ, ತಿಜೋರಿ ಮಾಡ್ಕೊಳೋಕಾ? ನಿನ್ನ ಮನೆಗೆ ಬರೋ ಕಳ್ಳನಿಗೂ ಗೊತ್ತು, ಇಲ್ಲಿ ಒಲೆ ಉರಿಯಲ್ಲ ಅಂತ. ದೊಡ್ಡವರನ್ನ ಅಡುಗೆಗೆ ಅಂತ ಕರೆದು ಹೀಗೆ ಮಾತಾಡ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಅಮ್ಮ, ಈಗ ಬೇಡ."

"ಈಗಲೇ. ಗ್ಯಾರೇಜ್ ಬೀಗದ ಕೈ ಕೊಡು."

"ಅಮ್ಮ, ಗ್ಯಾರೇಜ್ ಬೇಡ. ಪ್ಲೀಸ್."

"ಕೊಡ್ತೀಯೋ, ಇಲ್ಲ ನಾನೂ ಕೋಟು ತರಿಸ್ಕೊಳ್ಳಲೋ?"

ಕೊಟ್ಟ. ನಾನು ಒಂದು ಕೈಯಲ್ಲಿ ಹೂರಣದ ಬೋಗುಣಿ ಎತ್ತಿಕೊಂಡೆ, ಇನ್ನೊಂದು ಕೈಯಲ್ಲಿ ಜಾರ್ಜಿಯಾದಮ್ಮನ ಮುಂಗೈ ಹಿಡಿದೆ. ನನಗೆ ಬರುವ ಇಂಗ್ಲಿಷಿನಲ್ಲಿ "ಕಮ್, ಕಮ್" ಎಂದೆ. ಆಕೆ ಬರಲೋ ಬೇಡವೋ ಎಂದು ಒಂದು ಗಳಿಗೆ ನಿಂತು ಬಂದರು. ಹಿಟ್ಟಿನ ಮುದ್ದೆ ಎತ್ತಿಕೊಂಡು ಮೊಮ್ಮಗಳು ಹಿಂದೆ ಬಂದಳು.

ಬೀಗ ತೆಗೆದು ದೀಪ ಹಾಕಿದೆ. ಸಾಸಿವೆ ಸಿಡಿದು ಸಿಡಿದು ಕಂದುಬಣ್ಣವಾದ ಹಾಳೆ, ಮೇಲೆ ನೇತುಹಾಕಿದ ಜಾಲರಿ ಸೌಟು, ಎಣ್ಣೆ ಡಬ್ಬ, ಒಣಗಲು ಹರವಿದ ಸಂಡಿಗೆ, ನನ್ನ ಮಣೆ, ಮಣೆಯ ಪಕ್ಕದಲ್ಲಿ ಹೀಟರು. ಹಿಂದಿನ ದಿನ ಹುರಿದ ಸಾರಿನ ಪುಡಿಯ ಘಾಟು ಇನ್ನೂ ಗಾಳಿಯಲ್ಲಿತ್ತು. ಜಾರ್ಜಿಯಾದಮ್ಮ ಒಂದು ಸೀನು ಸೀನಿದರು. ಆಮೇಲೆ ನಿಂತು ನೋಡಿದರು, ತುಂಬ ಹೊತ್ತು. ನನ್ನ ಬಾಣಲೆಯ ಹಿಡಿ ಹಿಡಿದು ತೂಗಿದರು. ಅದರ ತಳದ ಕರಿಯನ್ನು ಉಗುರಿನಿಂದ ಕೆರೆದರು.

ಮೊಮ್ಮಗಳಿಗೆ ಏನೋ ಹೇಳಿದರು. ಅವಳು ಅಳುವಿನ ನಡುವೆ ನಕ್ಕಳು.

"ಇಷ್ಟು ಹೊತ್ತು ನನ್ನನ್ನ ಶೋರೂಮಲ್ಲಿ ನಿಲ್ಲಿಸಿದ್ರಿ ಅಂತಿದಾರೆ, ಅಜ್ಜಿ. ಅಡುಗೆಮನೆ ಇಲ್ಲಿದೆಯಲ್ಲ ಅಂತ."

"ನಾನೂ ಅದನ್ನೇ ಹೇಳ್ತಿರೋದು ಅನ್ನು."

ಆದರೆ ಇಲ್ಲಿ ಒವನ್ ಇಲ್ಲ, ಒಳಗಿನದು ನಾರುತ್ತಿದೆ. ಪೈ ಬೇಯಿಸುವುದು ಹೇಗೆ? ಜಾರ್ಜಿಯಾದಮ್ಮನೇ ಎಣ್ಣೆ ಡಬ್ಬದ ಕಡೆ ಬೆರಳು ತೋರಿದರು. ಅವರ ಕಡೆ ಹೊಲಕ್ಕೆ ಹೋಗುವವರ ಬುತ್ತಿಗೆ ಪೈಯನ್ನು ಚಿಕ್ಕದಾಗಿ ಮಡಿಸಿ ಎಣ್ಣೆಯಲ್ಲಿ ಕರಿಯುತ್ತಿದ್ದರಂತೆ. ಮಡಿಸಿದ ಪೈಯ ಆಕಾರವನ್ನು ಕೈಯಲ್ಲಿ ತೋರಿಸಿದಾಗ, ಇದು ಕರ್ಜಿಕಾಯಿ, ಇಷ್ಟಕ್ಕೆ ಇಷ್ಟು ವಿವರಣೆಯೇ ಎಂದುಕೊಂಡೆ. ಏಪ್ರನ್ನನ್ನು ಮೊಮ್ಮಗಳು ಒಳಗಿನಿಂದ ತಂದು ಅವರಿಗೆ ಕಟ್ಟಿದಳು.

ಆಮೇಲೆ ನಮ್ಮಿಬ್ಬರ ಜಗಳ ಶುರುವಾಯಿತು. ಹೂರಣಕ್ಕೆ ಏಲಕ್ಕಿ ಬೇಕು ಎಂದೆ ನಾನು. ಜಾಯಿಕಾಯಿ ಬಿದ್ದ ಮೇಲೆ ಬೇರೇನೂ ಬೇಡ ಎಂದರು ಅವರು. ನಾನು ಏಲಕ್ಕಿ ಡಬ್ಬಿ ತೆಗೆದರೆ ಅದರ ಮುಚ್ಚಳದ ಮೇಲೆ ಕೈಯಿಟ್ಟು ಅದುಮಿದರು. ಅಂಚನ್ನು ಅವರು ಫೋರ್ಕಿನ ಹಲ್ಲಿನಿಂದ ಒತ್ತುತ್ತಾರೆ. ಮಕ್ಕಳು ಮಣ್ಣಿನಲ್ಲಿ ಗೀಚಿದ ಹಾಗೆ ಕಾಣುತ್ತದೆ. ನಾನು ನನ್ನ ಪಾಲಿನವುಗಳನ್ನು ಬೆರಳಿನಲ್ಲಿ ಹಿಂಡಿ ಹಿಂಡಿ ಜಡೆಯ ಹಾಗೆ ಮಡಿಸಿದೆ. ಅವರು ಅದನ್ನು ನೋಡಿ, "ತಿನ್ನುವುದಕ್ಕೋ, ಗೋಡೆಗೆ ಹಾಕುವುದಕ್ಕೋ?" ಎಂದು ಕೇಳಿದರಂತೆ. ಎಣ್ಣೆಗೆ ಬಿಟ್ಟಾಗ ನನ್ನದು ಒಂದೂ ಬಿಚ್ಚಿಕೊಳ್ಳಲಿಲ್ಲ. ಅವರದು ಎರಡು ಬಾಯಿಬಿಟ್ಟವು. ಹಿಟ್ಟು ಸರಿಯಿಲ್ಲ ಎಂದರು. ಹಿಟ್ಟು ಅವರೇ ಕಲಸಿದ್ದು. ಮೊಮ್ಮಗಳು ಇದನ್ನೆಲ್ಲ ಆ ಕಡೆ ಈ ಕಡೆ ಹೇಳಿ ಹೇಳಿ ಸುಸ್ತಾಗಿ, "ಐ ಕ್ವಿಟ್" ಎಂದು ಗ್ರೈಂಡರಿನ ಮೇಲೆ ಕುಳಿತಳು. ನಾವು ಅವಳಿಲ್ಲದೆಯೇ ಜಗಳ ಮುಂದುವರಿಸಿದೆವು.

ಗ್ಯಾರೇಜಿನ ದೊಡ್ಡ ಬಾಗಿಲು ಮೇಲೆತ್ತಿದ್ದರಿಂದ ಹಿಂಬಾಗಿಲ ಮೆಟ್ಟಿಲಿನ ಮೂಲೆ ಕಾಣುತ್ತಿತ್ತು. ಹುಡುಗ ಅಜ್ಜಿಗೆ ಕೋಟು ತಂದಿರಲಿಲ್ಲ. ಒಳಗಿನಿಂದ ಐಸ್ ತಂದು ಆ ಕರಗಿದ ಗಟ್ಟಿಯ ಮೇಲೆ ಸುರಿದಿದ್ದ. ತಣ್ಣಗಾದ ಪ್ಲಾಸ್ಟಿಕ್ಕು ಬಿರುಸಾಗಿ ಚೂರು ಚೂರು ಏಳುತ್ತಿತ್ತು. ಅವನು, ನನ್ನ ಮಗ, ಇಬ್ಬರೂ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತು ಬೆಣ್ಣೆ ಹಚ್ಚುವ ಚಾಕುವಿನಲ್ಲಿ ಕೆರೆಯುತ್ತಿದ್ದರು. ಸೊಸೆ ಮೇಲಿನ ಮೆಟ್ಟಿಲಲ್ಲಿ ಕುಳಿತು ಮಡಿಲೊಡ್ಡಿದ್ದಳು. ಮುತ್ತುಗಳು ಕಂದಿ ಹೋಗಿದ್ದವು. ಗುಂಡುಗಳೊಳಗಿನ ಅರಗು ಕರಗಿ ಸುರಿದಿತ್ತು. ಚಿನ್ನಕ್ಕೆ ಏನಾಗುತ್ತದೆ, ಚಿನ್ನ ಚಿನ್ನವೇ. ಹುಡುಗ ಒಂದೊಂದನ್ನು ಬಿಡಿಸಿದಾಗಲೂ ಇದು ಯಾರದು ಎಂದು ಕೇಳುತ್ತಿದ್ದ, ಮಗ ಹೇಳುತ್ತಿದ್ದ. ಗುಂಡಿನ ಸರ ಕೈಗೆ ಬಂದಾಗ ಮಗ ತನ್ನ ಮದುವೆಯ ಕಥೆಯನ್ನೇ ತೆಗೆದ. ಒಂದು ವರ್ಷ ಆ ಹುಡುಗನ ಜೊತೆ ಹವೆಯ ಬಗ್ಗೆ ಬಿಟ್ಟರೆ ಬೇರೆ ಮಾತಾಡದವನು, ಕಲ್ಚರ್ ಬೇರೆ ಎಂದವನು, ತನ್ನ ಮಾವ ವರಪೂಜೆಯಲ್ಲಿ ಹೇಗೆ ಮುನಿಸಿಕೊಂಡರು ಎಂಬುದನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದ. ಸೊಸೆ ನಡುನಡುವೆ, "ನಮ್ಮಪ್ಪ ಮುನಿಸ್ಕೊಳ್ಳಲಿಲ್ಲ, ನಿಮ್ಮ ಕಡೆಯವರು ಕಾಫಿ ತಣ್ಣಗಿದೆ ಅಂದ್ರು" ಎಂದು ತಿದ್ದುತ್ತಿದ್ದಳು. ಹುಡುಗ ನಗುತ್ತಿದ್ದ. ಇಷ್ಟು ಸುಲಭದಲ್ಲಿ ಆಗುವುದಕ್ಕೆ ಇವರು ಚಿನ್ನ ಸುಡಬೇಕಾಯಿತು.

ಮೊದಲ ಒಬ್ಬೆ ಎಣ್ಣೆಯಿಂದ ತೆಗೆದ ಮೇಲೆ ಎಲ್ಲರೂ ಗ್ಯಾರೇಜಿಗೇ ಬಂದರು. ಒಳಗಿನ ಮೇಜಿನ ಮೇಲೆ ಹಾಕಿದ್ದ ಇಸ್ತ್ರಿಯ ಬಟ್ಟೆ, ಬೆಳ್ಳಿ ಚಮಚಗಳು ಅಲ್ಲೇ ಉಳಿದವು. ಒವನ್ನಿಲ್ಲದೆ ಬೇಯದ ಮ್ಯಾಕರೋನಿಯೂ ಉಳಿಯಿತು, ಅದಕ್ಕೆ ನನಗೆ ದುಃಖವಿಲ್ಲ. ಅಲಸಂದೆ ಕಾಳಿಗೆ, ಸೊಪ್ಪಿಗೆ ನಾನು ಯಾರನ್ನೂ ಕೇಳದೆ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟೆ. ಜಾರ್ಜಿಯಾದಮ್ಮ ನೋಡಿಯೂ ಸುಮ್ಮನಿದ್ದರು. ಎರಡನೇ ಸಲ ಬಡಿಸಿಕೊಂಡಿದ್ದನ್ನು ನಾನೂ ನೋಡಿಯೂ ಸುಮ್ಮನಿದ್ದೆ.

ಮಗ ಬಿಸಿ ಪೈ ಒಂದನ್ನು ಕೈಯಿಂದ ಕೈಗೆ ಹಾರಿಸುತ್ತ ಬಾಯಿಗಿಟ್ಟ. ನಾನು ಮಡಿಸಿದ್ದು ಅದು. ಜಾರ್ಜಿಯಾದಮ್ಮ ನನ್ನ ಮಣೆಯ ಪಕ್ಕ ಹಾಕಿಸಿಕೊಂಡ ಕುರ್ಚಿಯಲ್ಲಿ ಕುಳಿತು ಅವನನ್ನೇ ನೋಡುತ್ತಿದ್ದರು.

"ನಾನು ನೋಡಬೇಕಾದ ಅಡುಗೆಮನೆ ನೋಡಿದೆ" ಎಂದರು. "ನನ್ನದು ಒಪ್ಪಿಗೆ. ನೀವೇನಂತೀರಿ?"

ಮಗ ಹೆಂಡತಿಯನ್ನು ನೋಡಿದ. ಅವಳು ತಲೆಯಾಡಿಸಿದಳು. ಹುಡುಗನನ್ನು ನೋಡಿದ. ಅವನ ಉಗುರುಗಳ ಸಂದಿಯಲ್ಲಿ ಕರಗಿದ ಅರಗು ಮೆತ್ತಿಕೊಂಡಿತ್ತು.

"ವೆರಿ ಗುಡ್" ಎಂದ ಮಗ.

"ಪೈ ಹೇಗಿದೆ ಅಂತ ಕೇಳಲಿಲ್ಲ" ಎಂದರು ಜಾರ್ಜಿಯಾದಮ್ಮ.

ಅವನು ಕೆಮ್ಮಿದ. ಆಕೆಯ ಕಡೆ ತಿರುಗಿ, "ಆವಾಗ ನಾನು ಹಾಗೆ ಮಾತಾಡಬಾರದಿತ್ತು, ಸಾರಿ" ಎಂದ. ಆಮೇಲೆ, "ಯೆಸ್" ಎಂದ.

ಆಕೆ ಗಲ್ಲದಿಂದಲೇ ನನ್ನ ಮೊಮ್ಮಗಳ ಕಡೆ ತೋರಿಸಿದರು. "ನನಗಲ್ಲ. ಅವಳಿಗೆ ಹೇಳಿ."

ಮಗ ಗ್ರೈಂಡರಿನ ಮೇಲೆ ಕುಳಿತ ಮಗಳ ಮುಂದೆ ಹೋಗಿ ನಿಂತ. ಬಾಯಲ್ಲಿ ಇನ್ನೂ ಗೆಣಸು. "ಆಗಲಿ ಕಣಮ್ಮ. ಅವನನ್ನೇ ಮಾಡ್ಕೋ" ಎಂದ. ಅರ್ಧ ಮಾತು ಹೂರಣದಲ್ಲೇ ಹೋಯಿತು.

ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದ ಹುಡುಗಿ ಅಂದು ಅಪ್ಪನಿಗೆ ಕನ್ನಡದಲ್ಲೇ ಹೇಳಿದಳು.

"ನುಂಗಿ ಹೇಳಪ್ಪ. ಒಂದು ವರ್ಷ ಕಾದಿದೀನಿ, ಸರಿಯಾಗಿ ಕೇಳಿಸ್ಕೊಬೇಕು."

ಅವನು ನುಂಗಿದ. ಮತ್ತೆ ಹೇಳಿದ.